ಸದ್ದಡಗಿದ ಕಾರು

ಕೊಳ್ಳೇಗಾಲದ ರೇಷ್ಮೆ ಸಾಹುಕಾರರ ಹಳೇ ಸ್ಪೋರ್ಟ್ಸ್ ಕಾರಿಗೆ ಜೀಪಿನ ಎಂಜಿನ್ ಕೂರಿಸಿದವನು ನಾನೇ. ಓಟವೇನೋ ಜೋರು, ಒಳಗೆ ಕೂತವರ ಕಿವಿ ಮಾತ್ರ ಗುಂಯ್ ಅನ್ನುತ್ತಿತ್ತು. ವಾರವಿಡೀ ಸೈಲೆನ್ಸರ್ ಬಿಚ್ಚಿ ಜೋಡಿಸಿದರೂ ಸದ್ದು ತಗ್ಗಲಿಲ್ಲ.

ಕೊನೆಗೆ ಸಾಹುಕಾರರು ಕಾಮಗೆರೆಯಿಂದ ಹಾಸಿಗೆ ಹೊಲಿಯುವ ಮಾದಪ್ಪನನ್ನು ಕರೆಸಿದರು. ಸ್ಪ್ಯಾನರ್ ಮುಟ್ಟಿ ಗೊತ್ತಿಲ್ಲದ ಆಸಾಮಿ! ಕಾರಿನೊಳಗೆ ಕಾಲಿಡುವ ಜಾಗಕ್ಕೆಲ್ಲ ಸತ್ತೇಗಾಲದ ತೆಂಗಿನ ನಾರು ಒತ್ತಿ, ಮೇಲೆ ಗೋಣಿತಾಟು ಹೊಲಿದ. ಗದ್ದಲ ಅಡಗೇಹೋಯಿತು. ಹನೂರಿಗೆ ಹೋಗಿಬಂದ ಸಾಹುಕಾರರು ಅವನ ಬೆನ್ನು ತಟ್ಟಿದಾಗ ನನಗೆ ಹೊಟ್ಟೆ ಉರಿದುಹೋಯಿತು.

“ನಾರು ಒಂದು ಮಳೆಗೇ ಕೊಳೀತದೆ ಸಾ,” ಅಂದೆ.

ಮಾದಪ್ಪ ನಗಲೂ ಇಲ್ಲ. “ಕೊಳುತ್ರೆ ಬದ್ಲಾಯಿಸ್ತೀನಿ ಬುಡಿ ಮೇಸ್ತ್ರಿ. ಮುಂದ್ಗಡೆ ಏನೋ ಲೊಟಲೊಟ ಅಂತದೆ, ಅದ್ನ ನೋಡಿ.”

ಬಾನೆಟ್ ಎತ್ತಿದೆ. ಎಂಜಿನ್ ಕೂರಿಸಿದ ಬೋಲ್ಟೊಂದನ್ನು ನಾನು ಬಿಗಿದೇ ಇರಲಿಲ್ಲ. ಇಷ್ಟು ದಿನ ನನ್ನ ಮಾನ ಉಳಿಸಿದ್ದು ಆ ಗದ್ದಲವೇ.