ಎಲ್ಲರ ಅರ್ಜಿಯನ್ನೂ ತೆರೆದಿಟ್ಟ ಮಧ್ಯಾಹ್ನ

ಮಸ್ಕಿಯ ಬಸ್‌ಸ್ಟ್ಯಾಂಡಿನ ಎದುರು ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿ ನನ್ನದು. ಗಿರಾಕಿ ಪಕ್ಕದ ಅಂಗಡಿಗೆ ಹೋಗದಂತೆ ಒಂದು ಉಪಾಯ ಮಾಡಿಕೊಂಡಿದ್ದೆ. ಬಂದವರ ಹೆಸರು ಟೈಪ್ ಹೊಡೆದು, ಅರ್ಜಿಯ ಪುಟ ತೆರೆದಿಟ್ಟು, ನಿಮ್ಮದು ಚಾಲೂ ಆಗ್ಯಾದ ಕೂಡ್ರಿ ಅನ್ನುವುದು. ಪರದೆಯ ಮೇಲೆ ತಮ್ಮ ಹೆಸರು ಕಂಡ ಮೇಲೆ ಯಾರೂ ಎದ್ದು ಹೋಗುತ್ತಿರಲಿಲ್ಲ. ನನ್ನ ಜಾಣತನಕ್ಕೆ ನಾನೇ ಬೀಗುತ್ತಿದ್ದೆ.

ನನ್ನ ಹಳೇ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ಮೂ ನನ್ನಂಥದ್ದೇ. ಕೇಳಿದ ಕೆಲಸಕ್ಕೆಲ್ಲ ಮೆಮೊರಿ ಕೊಡುತ್ತೇನೆಂದು ಒಪ್ಪಿಕೊಳ್ಳುತ್ತದೆ, ತನ್ನಲ್ಲಿ ಅಷ್ಟಿರದಿದ್ದರೂ. ಎಲ್ಲರೂ ಒಮ್ಮೆಲೇ ಬಳಸಲಿಕ್ಕಿಲ್ಲ ಎಂಬ ಧೈರ್ಯ ಅದಕ್ಕೆ. ಆ ಧೈರ್ಯ ಕೈಕೊಟ್ಟಾಗ, ಹೆಚ್ಚು ಮೆಮೊರಿ ಹಿಡಿದು ಕೂತ ಕೆಲಸವನ್ನು ಕೊಂದು ಉಳಿದವನ್ನು ಉಳಿಸಿಕೊಳ್ಳುತ್ತದೆ. ಇದೊಂದನ್ನು ಮುಟ್ಟಬೇಡ ಎಂದು ಮೊದಲೇ ಗುರುತು ಹಾಕಿಡಬಹುದು. ಅದು ನನಗೆ ಗೊತ್ತಿತ್ತು.

ಅಂಗನವಾಡಿ ಸಹಾಯಕಿ ಹುದ್ದೆಗೆ ಅರ್ಜಿ ಹಾಕಲು ಅಂದು ಕೊನೆಯ ದಿನ, ಸಂಜೆ ಐದರವರೆಗೆ ಮಾತ್ರ. ಸಂತೆಕಲ್ಲೂರಿನ ಹೆಂಗಸೊಬ್ಬಳು ಟಂಟಂ ಆಟೋ ಹಿಡಿದು ಎಲ್ಲರಿಗಿಂತ ಮೊದಲು ಬಂದಿದ್ದಳು. ಮುಂದಿನ ಸಲಕ್ಕೆ ವಯಸ್ಸು ಮೀರುತ್ತದೆ, ಇದೇ ಕಡೆಯದು ಎಂದು ಎರಡು ಸಲ ಹೇಳಿದಳು. ಅವಳ ಕಾಗದಗಳನ್ನೆಲ್ಲ ಸ್ಕ್ಯಾನ್ ಮಾಡಿ ಏರಿಸಿದೆ. ಸರ್ವರ್ ತಡ ಮಾಡುತ್ತಿತ್ತು, ನಡುವೆ ಸೇವ್ ಮಾಡುವುದೇಕೆ, ಒಂದೇ ಸಲ ಕಳಿಸಿದರಾಯಿತು ಎಂದುಕೊಂಡೆ.

ಅಷ್ಟರಲ್ಲಿ ಲಿಂಗಸುಗೂರಿನಿಂದ ಅಕ್ಕನ ಗಂಡ ಬಂದ. ಸಿಂಧನೂರಿನ ಬಸ್ಸು ಹಿಡಿಯಬೇಕು, ತನ್ನದೊಂದು ಪ್ರಿಂಟ್ ಲಗೂನ ತೆಗೆದುಕೊಡು ಅಂದ. ಭಾವನ ಮಾತು ತೆಗೆದುಹಾಕುವುದುಂಟೇ? ಆಗಲೇ ಒಂಬತ್ತು ಜನರ ಪುಟ ತೆರೆದಿದ್ದೆ. ಅವನದನ್ನು ಹತ್ತನೆಯದಾಗಿ ತೆರೆದು ಅದಕ್ಕೇ ಮುಟ್ಟಬೇಡ ಎಂಬ ಗುರುತು ಹಾಕಿ ಎಲ್ಲಕ್ಕಿಂತ ಹೆಚ್ಚಿನ ಆದ್ಯತೆ ಕೊಟ್ಟೆ. ಕಂಪ್ಯೂಟರ್ ಒಂದು ಗಳಿಗೆ ಗರಬಡಿದು ನಿಂತಿತು. ಮತ್ತೆ ಚಾಲೂ ಆದಾಗ ಭಾವನ ಪ್ರಿಂಟ್ ಬಂತು, ಸಂತೆಕಲ್ಲೂರಿನವಳ ಪುಟ ಇರಲಿಲ್ಲ.

ಮೊದಲಿಂದ ತುಂಬತೊಡಗಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಐದು ಗಂಟೆಯಾಗಿ ಅರ್ಜಿ ತೆಗೆದುಕೊಳ್ಳುವುದೇ ನಿಂತಿತು.

ಅವಳು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

"ಇಷ್ಟು ಮಂದೀದು ಬಿಟ್ಟು ನಂದ ಯಾಕ ಮುಚ್ಚಿತ್ರೀ ಅದು?"

"ನಿಮ್ಮದ ಎಲ್ಲಾರಕಿಂತ ದೊಡ್ಡದಿತ್ತಕ್ಕಾ" ಅಂದೆ.

"ಹೌದ್ರಿ, ಒಂದೂ ಕಾಗದ ಬಿಡದಂಗ ತಂದಿದ್ದೆ" ಅನ್ನುತ್ತ ಅವುಗಳನ್ನು ಜೋಡಿಸಿ ಚೀಲಕ್ಕೆ ಹಾಕಿಕೊಂಡಳು.

ಯಾರದನ್ನು ಕೊಲ್ಲುತ್ತಿದ್ದೇನೆಂದು ಕಂಪ್ಯೂಟರಿಗೆ ಗೊತ್ತಿರಲಿಲ್ಲ. ನನಗೆ ಅವಳು ಎರಡು ಸಲ ಹೇಳಿದ್ದಳು.