ಎಲ್ಲ ಉತ್ತರಕ್ಕೂ ಒಂದು ಹೆಚ್ಚು

ಹೋದ ವಾರ ನನ್ನ ಮಗಳು ಗಣಿತದಲ್ಲಿ ಸೊನ್ನೆ ತೆಗೆದಳು.

ಗೌರಿಗೆ ಹತ್ತು ವರ್ಷ. ನಾನು ಸ್ಲೇಟು ಹುಡುಕುವಷ್ಟರಲ್ಲಿ ಬಾಯಲ್ಲೇ ಲೆಕ್ಕ ಮುಗಿಸುವವಳು. ಅಂಥವಳಿಗೆ ಸೊನ್ನೆಯೇ? ಗುಂಡ್ಲುಪೇಟೆಯ ಅರಿಶಿನದ ವ್ಯಾಪಾರಿಗಳ ಮುಂದೆಲ್ಲ ಅವಳನ್ನು ಹೊಗಳಿಕೊಂಡು ತಿರುಗಿದವನು ನಾನು. ‘ನನ್ನ ಮಾನ ಕಳ್ದ್‌ಬುಟ್ಟೆಯಲ್ಲಮ್ಮಿ’ ಎಂದು ನೆರೆಯವರೆದುರೇ ಬೈದೆ. ಅವಳು ತಲೆ ತಗ್ಗಿಸಿ ನಿಂತಳು.

ಈ ವರ್ಷ ಅವಳಿಗೆ ಡಬಲ್ ಪ್ರಮೋಷನ್ ಕೊಡಿಸಿದವನೂ ನಾನೇ. ನಾಡಿನಲ್ಲಿ ಅಣೆಕಟ್ಟುಗಳು ಏಳುತ್ತಿರುವ ಕಾಲ. ಮಗಳು ಬೇಗ ಎಂಜಿನಿಯರ್ ಆಗಲೆಂಬ ಆತುರ. ಒಂದು ಕ್ಲಾಸು ಹಾರಿಸುತ್ತೇನೆ ಎಂದರು ಹೆಡ್‌ಮಾಸ್ಟರು. ನಾನು ಬಿಡುವ ಆಳೇ? ಚೌಕಾಸಿ ಮಾಡಿ ಎರಡಕ್ಕೆ ಒಪ್ಪಿಸಿದೆ. (ಗೆದ್ದ ಖುಷಿಗೆ ಹೋಟೆಲಿನಲ್ಲಿ ದೋಸೆ ಬೇರೆ ತಿಂದೆ.)

ಬೈದು ಮುಗಿದ ಮೇಲೆ ಉತ್ತರಪತ್ರಿಕೆ ಬಿಡಿಸಿದೆ. ನೂರ ನಲವತ್ತನಾಲ್ಕು ಬರಬೇಕಾದಲ್ಲಿ ನೂರ ನಲವತ್ತೈದು. ಎಪ್ಪತ್ತೆರಡರ ಜಾಗದಲ್ಲಿ ಎಪ್ಪತ್ತಮೂರು. ಹತ್ತು ಲೆಕ್ಕ, ಹತ್ತರಲ್ಲೂ ಸರಿಯಾಗಿ ಒಂದು ಹೆಚ್ಚು. ಉತ್ತರ ಗೊತ್ತಿಲ್ಲದವರು ಇಷ್ಟು ಅಚ್ಚುಕಟ್ಟಾಗಿ ತಪ್ಪಲು ಸಾಧ್ಯವೇ?

ಹತ್ತಿರ ಕೂರಿಸಿಕೊಂಡು ಕೇಳಿದೆ. ಹೇಳಿದಳು: ‘ತಪ್ಪು ಬರುದ್ರೆ ಹಳೇ ಕ್ಲಾಸ್ಗೆ ಕಳುಸ್ತಾರೆ ಅಂದ್ಕೊಂಡೆ ಕಣಪ್ಪ.’

ಆಮೇಲೆ ಒಂದೊಂದೇ ಹೊರಬಂತು. ಹೊಸ ಕ್ಲಾಸಿನ ದೊಡ್ಡ ಹುಡುಗಿಯರು ಇವಳನ್ನು ಮೇಷ್ಟ್ರಮ್ಮ ಎಂದು ಆಡಿಕೊಳ್ಳುತ್ತಾರಂತೆ. ಲೆಕ್ಕ ಮಾಡಿಕೊಡಲು ಕರೆಯುತ್ತಾರೆ, ಕುಂಟೆಬಿಲ್ಲೆಗೆ ಕರೆಯುವುದಿಲ್ಲ. ಹಳೆಯ ಗೆಳತಿಯರ ಹತ್ತಿರ ಹೋದರೆ, ‘ನೀನೀಗ ದೊಡ್ಡೋಳು ಕಣಮ್ಮಿ, ಓಗು’ ಅಂದರಂತೆ. ಮಧ್ಯಾಹ್ನ ಬಾವಿಕಟ್ಟೆಯ ಹತ್ತಿರ ಒಬ್ಬಳೇ ಕೂತು ಬುತ್ತಿ ತಿನ್ನುತ್ತಾಳಂತೆ.

‘ಮೊದ್ಲೇ ಯಾಕಮ್ಮಿ ಹೇಳ್ನಿಲ್ಲ?’

‘ನೀನು ಕೇಳ್ನಿಲ್ವಲ್ಲಪ್ಪ.’

ನಿಜ. ಹೆಡ್‌ಮಾಸ್ಟರನ್ನು ಕೇಳಿದ್ದೆ, ಕ್ಲಾಸ್ ಮೇಷ್ಟ್ರನ್ನು ಕೇಳಿದ್ದೆ. ಅವಳನ್ನೊಬ್ಬಳನ್ನು ಬಿಟ್ಟಿದ್ದೆ.

ಬುದ್ಧಿ ಹೇಳುವುದು ನನ್ನ ಚಾಳಿ. ಇವತ್ತು ಹೇಳುವುದಕ್ಕೇ ನಾಚಿಕೆ. ಆದರೂ ಹೇಳುತ್ತೇನೆ. ಜಾಣ ಮಗುವಿನ ತಲೆ ಎಷ್ಟೇ ಮುಂದಕ್ಕೆ ಓಡಲಿ, ಅದರ ಮನಸ್ಸಿಗೆ ಹತ್ತೇ ವರ್ಷ. ಪಕ್ಕದಲ್ಲಿ ಕೂತು ಉಣ್ಣುವವರು ಅದಕ್ಕೂ ಬೇಕು.

ಮರುದಿನ ಗೌರಿಯನ್ನು ಕೇಳಿಕೊಂಡೇ ಸ್ಕೂಲಿಗೆ ಹೋದೆ. ಹಳೆಯ ಕ್ಲಾಸಿಗೇ ಹಾಕಿ, ಕಷ್ಟದ ಲೆಕ್ಕವನ್ನು ಬೇಕಾದರೆ ಸಂಜೆ ಹೇಳಿಕೊಡಿ ಎಂದು ಕೈಮುಗಿದೆ. ಹೆಡ್‌ಮಾಸ್ಟರು ಒಪ್ಪಿದರು. ಇವಳ ಗೆಳತಿ ಯಾರು, ಅವಳ ಪಕ್ಕದಲ್ಲೇ ಕೂರಿಸೋಣ ಎಂದರು.

ನನಗೆ ಹೆಸರು ಗೊತ್ತಿರಲಿಲ್ಲ. ನಿಮಗೆ, ನಿಮ್ಮ ಮಗುವಿನ ಗೆಳತಿಯ ಹೆಸರು ಗೊತ್ತೇ?