ನಡುಗೋಡೆಯ ಆಚೆಯ ದನಿ

ಹಾಡುವ ಮೊದಲು ಅವರ ಗದ್ದ ಇಳಿದು ಎದೆಗೆ ತಾಗುತ್ತಿತ್ತು. ಕತ್ತಿನಲ್ಲಿ ಮಡಿಕೆ ಬೀಳುತ್ತಿತ್ತು, ಎಡಗೈ ಕಿವಿಯ ಹಿಂದೆ ದೊನ್ನೆಯಾಗುತ್ತಿತ್ತು. ಆಮೇಲೆ ನೆಲದಡಿಯಿಂದ ಎದ್ದು ಬಂದ ಹಾಗೆ ಆ ದನಿ: ದುಂ, ದುಂ, ದುಂ. ಮ್ಯಾಂಚೆಸ್ಟರಿನ ವಿದನ್‌ಶಾದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಅವರು ಬಾತ್‌ರೂಮಿನಲ್ಲಿ ಹಾಡಿದರೆ, ಗೋಡೆಯ ಈಚೆಗೆ ನನ್ನ ಬಾತ್‌ರೂಮಿನ ಲೋಟದಲ್ಲಿದ್ದ ಟೂತ್‌ಬ್ರಷ್ ಸಣ್ಣಗೆ ನಡುಗುತ್ತಿತ್ತು.

ನನ್ನ ನೆರೆಯವರು ರಿಟೈರ್ ಆದ ಬಸ್ ಡ್ರೈವರ್. ಹರೆಯದಲ್ಲಿ ಡಿಪೋದ ಮೆಟ್ಟಿಲ ಕೆಳಗೆ ಗೆಳೆಯರ ಜೊತೆ ನಿಂತು ಡೂ-ವಾಪ್ ಹಾಡಿದವರು. ಗಿಟಾರಿಲ್ಲ, ಡ್ರಮ್ಮಿಲ್ಲ. ಒಬ್ಬ ತನ್ನ ಪ್ರೀತಿಯ ಕಥೆ ಹಾಡುತ್ತಿದ್ದರೆ, ಉಳಿದವರು ಡೂ, ವಾ ಎನ್ನುತ್ತ ಬೇರೆಬೇರೆ ಸ್ವರ ಹಿಡಿದು ಅವನನ್ನು ಹೆಗಲ ಮೇಲೆ ಹೊತ್ತುಕೊಳ್ಳುವ ಸಂಗೀತ ಅದು.

"ವಾದ್ಯ ಇರಲಿಲ್ಲ ಲವ್, ಬಾಯಿತ್ತು. ಹುಡುಗಿಯರು ನಿಂತು ಕೇಳೋಕೆ ಅಷ್ಟು ಸಾಕಾಗಿತ್ತು," ಎನ್ನುತ್ತಿದ್ದರು.

ಮೊದಲ ಸಲ 'ಲವ್' ಅಂದಾಗ ನನ್ನ ಕಿವಿ ಬಿಸಿಯಾಗಿತ್ತು. ನಮ್ಮ ಯಜಮಾನರು ಜೀವಮಾನವಿಡೀ 'ಇವಳೇ' ಎನ್ನುವುದನ್ನು ದಾಟಿದವರಲ್ಲ. ಆಮೇಲೆ ನೋಡಿದರೆ, ಇವರು ಪೋಸ್ಟ್‌ಮ್ಯಾನ್‌ಗೂ ಲವ್, ಬೆಕ್ಕಿಗೂ ಲವ್.

ಯಜಮಾನರು ತೀರಿಕೊಂಡ ವರ್ಷವೇ ನೆರೆಯವರ ಗುಂಪಿನಲ್ಲಿ ನಡುದನಿ ಹಾಡುತ್ತಿದ್ದ ಗೆಳೆಯ ಲೀಡ್ಸ್‌ನ ಮಗಳ ಮನೆಗೆ ಹೊರಟುಹೋದರು. ಒಂದು ಬೆಳಿಗ್ಗೆ ನಾನು ಕೊತ್ತಂಬರಿ ಕುಂಡಕ್ಕೆ ನೀರು ಹಾಕುತ್ತಿದ್ದಾಗ ನೆರೆಯವರು ಬೇಲಿಯಾಚೆಯಿಂದ ಕೇಳಿದರು, "ಪಾತ್ರೆ ತೊಳೆಯುವಾಗ ನೀವು ಗುನುಗೋದು ಕೇಳಿಸುತ್ತೆ. ನಮ್ಮ ಜೊತೆ ಹಾಡ್ತೀರಾ?"

"ಕಾನ್ವೆಂಟ್‌ನಲ್ಲೇ ನನ್ನ ಹಾಡು ನಿಲ್ಲಿಸಿಬಿಟ್ಟಿದ್ದಾರೆ, ಯು ನೋ," ಎಂದೆ.

ಅದು ನಿಜ. ಸಿಸ್ಟರ್ ನನ್ನನ್ನು ಶಾಲೆಯ ಹಾಡುಗುಂಪಾದ ಕಾಯರ್‌ನ ಎರಡನೇ ಸಾಲಿಗೆ ಹಾಕಿದ್ದರು. ಅಲ್ಲಿ ಹಾಡಬೇಕಾದದ್ದು ಮುಂದಿನ ಸಾಲಿಗಿಂತ ಬೇರೆ ಸ್ವರ. ನಾನೋ ಮನೆಯ ಶುಕ್ರವಾರದ ಭಜನೆಯಲ್ಲಿ ಬೆಳೆದವಳು. ನಮ್ಮಲ್ಲಿ ಒಟ್ಟಿಗೆ ಹಾಡುವುದೆಂದರೆ ಎಲ್ಲರೂ ಒಂದೇ ಸ್ವರಕ್ಕೆ ಸೇರಿಕೊಳ್ಳುವುದು. ಒಂದು ಸಾಲು ಮುಗಿಯುವುದರೊಳಗೆ ಮುಂದಿನವರ ಸ್ವರಕ್ಕೆ ಜಾರಿಬಿಡುತ್ತಿದ್ದೆ. "ಜಸ್ಟ್ ಮೂವ್ ಯುವರ್ ಲಿಪ್ಸ್, ಚೈಲ್ಡ್," ಎಂದರು ಸಿಸ್ಟರ್. ಪ್ರೈಜ್ ಡೇ ಪೂರ್ತಿ ಬರಿಯ ತುಟಿ ಆಡಿಸಿದೆ.

ಇದನ್ನು ಕೇಳಿ ನೆರೆಯವರು ನಕ್ಕರು. "ನಮ್ಮ ರಿಹರ್ಸಲ್‌ಗೆ ಬರೀ ತುಟಿ ಸಾಲದು. ಮಂಗಳವಾರ ಬನ್ನಿ."

ರಿಹರ್ಸಲ್ ನಡೆಯುತ್ತಿದ್ದದ್ದು ಅವರ ಬಾತ್‌ರೂಮಿನಲ್ಲಿ. ಟೈಲ್ಸ್ ಇದ್ದರೆ ದನಿ ತುಂಬಿಕೊಳ್ಳುತ್ತದಂತೆ. ಪಕ್ಕದ ಬೀದಿಯ ಅಣ್ಣ-ತಮ್ಮ ಇನ್ನಿಬ್ಬರು ಹಾಡುಗಾರರು. ಮುಖ್ಯ ದನಿಯ ಅಣ್ಣ ಟಬ್ಬಿನ ಅಂಚಿನ ಮೇಲೆ ಕೂತಿದ್ದರು. ಬಾಗಿಲು ತುಂಬುವ ಮೈಯ ತಮ್ಮ ಹುಡುಗಿಯಂಥ ಎತ್ತರದ ದನಿಯವರು. ನಾನು ನೆರಿಗೆ ಎತ್ತಿಕೊಂಡು ವಾಷ್‌ಬೇಸಿನ್ ಪಕ್ಕ ನಿಂತೆ. ಸಿಸ್ಟರ್ ಕಂಡಿದ್ದರೆ ಗುಡ್ ಗ್ರೇಷಿಯಸ್ ಅಂದಿರುತ್ತಿದ್ದರು.

ಹಾಡು ಶುರುವಾಯಿತು. ನಾನು ಅಣ್ಣನ ಸ್ವರಕ್ಕೆ ಜಾರಿದೆ. ಮತ್ತೆ ಹಿಡಿದೆ, ಮತ್ತೆ ಜಾರಿದೆ.

"ನೋಡಿ, ಪುನಃ ನನ್ನ ಮನೆಗೆ ಬಂದುಬಿಟ್ಟರು!" ಎಂದರು ಅಣ್ಣ. "ಟೀ ಇಡಲಾ?"

ನೆರೆಯವರು ಬೆರಳಿನಿಂದ ಟೈಲ್ಸ್ ತಟ್ಟಿದರು. "ಈ ಗೋಡೆ ನೋಡಿ ಲವ್. ಇಷ್ಟು ವರ್ಷ ನೀವು ಆ ಕಡೆ, ನಾನು ಈ ಕಡೆ. ಒಬ್ಬರಿಗೊಬ್ಬರು ಕೇಳಿಸಿಕೊಂಡೇ ಬದುಕಿದ್ದೀವಿ. ಹಾಡೋದೂ ಹಾಗೇ. ನಿಮ್ಮ ಮನೇಲಿ ನೀವಿರಿ."

ವಾರಗಳು ಕಳೆದರೂ ನನಗದು ಬರಲಿಲ್ಲ. ಬಿಟ್ಟುಬಿಡುತ್ತೇನೆ ಎಂದುಕೊಂಡ ದಿನ ಗೇಟಿನ ಬಳಿ ತಮ್ಮ ನನ್ನನ್ನು ತಡೆದರು. "ನಿಮ್ಮ ಪಕ್ಕದ ಮನೆಯವನಿಗೆ ಈ ಶುಕ್ರವಾರ ಹಾರ್ಟ್ ಆಪರೇಷನ್. ನಿಮಗೆ ಹೇಳಬೇಡ ಅಂದಿದ್ದಾನೆ. ಹೋಗೋ ಮುಂಚೆ ಒಂದೇ ಒಂದು ಹಾಡು ನಾಲ್ಕು ದನಿಯಲ್ಲಿ ಪೂರ್ತಿ ಕೇಳಬೇಕಂತೆ."

ಗುರುವಾರ ಮತ್ತೆ ಸೇರಿದೆವು. ಮೊದಲ ಸಾಲಿಗೇ ಜಾರಿದೆ. ಯಾರೂ ಟೀ ಜೋಕ್ ಮಾಡಲಿಲ್ಲ. ನೆರೆಯವರ ಮುಖದಲ್ಲಿ ಸಿಟ್ಟಿರಲಿಲ್ಲ, ಬರಿಯ ದಣಿವಿತ್ತು. ನನಗೇನು ತೋಚಿತೋ, "ನೀವಿಲ್ಲೇ ಇರಿ. ನಾನು ನನ್ನ ಮನೆಗೆ ಹೋಗ್ತೀನಿ," ಎಂದೆ.

ಮುನಿಸಿಕೊಂಡೆನೆಂದು ತಿಳಿದು ಅಣ್ಣ "ಸಾರಿ, ಸಾರಿ" ಎನ್ನುತ್ತ ಎದ್ದರು. ನಾನು ಮೆಟ್ಟಿಲಿಳಿದು, ನಮ್ಮ ಬಾಗಿಲು ತೆಗೆದು, ನನ್ನ ಬಾತ್‌ರೂಮಿಗೆ ಹೋಗಿ ಗೋಡೆಗೆ ಕೈಯಿಟ್ಟು ಕೂಗಿದೆ: "ಈಗ ಹಾಡಿ!"

ಗೋಡೆ ಅಣ್ಣನ ದನಿಯನ್ನು ತೆಳುವಾಗಿಸಿತ್ತು. ನನ್ನನ್ನು ಎಳೆದುಕೊಳ್ಳುವ ಬಲ ಅದಕ್ಕಿರಲಿಲ್ಲ. ನೆರೆಯವರ ದುಂ ದುಂ ಮಾತ್ರ ಅಂಗೈಗೇ ಬಂತು. ಅದರ ಮೇಲೆ ಕಾಲೂರಿ ನನ್ನ ಸ್ವರ ಹಾಡಿದೆ. ಕೊನೆಯವರೆಗೂ ಜಾರಲಿಲ್ಲ. ಹಾಡು ಮುಗಿದದ್ದೇ ಆಚೆಯಿಂದ ಗೋಡೆಯ ಮೇಲೆ ದಬದಬ ಗುದ್ದು, ಮೂವರದ್ದೂ.

ಆಪರೇಷನ್ ಆಗಿ ಮನೆಗೆ ಬಂದವರು ಇನ್ನೂ ಹಲವು ಚಳಿಗಾಲ ಹಾಡಿದರು. ಕ್ರಮೇಣ ನಾನೂ ಅವರ ಪಕ್ಕದಲ್ಲೇ ನಿಂತು, ನನ್ನ ಮನೆ ಬಿಡದೆ ಹಾಡುವುದನ್ನು ಕಲಿತೆ. ಕಳೆದ ವಸಂತದಲ್ಲಿ ನಿದ್ದೆಯಲ್ಲೇ ಹೋದರು. ಫ್ಯೂನರಲ್‌ನಲ್ಲಿ ನಾವು ಮೂವರೇ ಹಾಡಿದೆವು. ಅವರ ಜಾಗವನ್ನು ಖಾಲಿ ಬಿಟ್ಟೆವು. ಅಂಗೈ ಮಾತ್ರ ತನ್ನಷ್ಟಕ್ಕೆ ಆ ದುಂ ದುಂ ಕೇಳಿಸಿಕೊಳ್ಳುತ್ತಿತ್ತು.

ಈಗ ಮಂಗಳವಾರಗಳು ನನ್ನ ಬಾತ್‌ರೂಮಿನಲ್ಲಿ. ಮೇಲಿನ ರೂಮಿಗೆ ಬಾಡಿಗೆಗೆ ಬಂದಿರುವ ಧಾರವಾಡದ ಡಾಕ್ಟರ್ ಹುಡುಗ ಆಸ್ಪತ್ರೆಯ ಡ್ಯೂಟಿ ರೋಟಾ ಬಿಡುವು ಕೊಟ್ಟಾಗ ನೆರೆಯವರ ದುಂ ದುಂ ಬೇಸ್ ಹಾಡುತ್ತಾನೆ.

"ಆಂಟಿ, ಇದಕ್ಕ ಅರ್ಥನ ಇಲ್ಲಲ್ರೀ?" ಎಂದು ಮೊದಲ ದಿನ ಕೇಳಿದ. "ಮತ್ಯಾಕ ಎದಿ ತುಂಬಿ ಬರತೈತಿ?"

"ಗದ್ದ ಕೆಳಗೆ ಬಿಟ್ಟು ಹಾಡಪ್ಪ, ತಾನಾಗೇ ಗೊತ್ತಾಗುತ್ತೆ."

ಹಾಡುತ್ತ ಹಾಡುತ್ತ ನನ್ನ ಸ್ವರಕ್ಕೇ ಜಾರಿಬಿಡುತ್ತಾನೆ, ಪಾಪ.

"ನಮ್ಮನೆಗೆ ಬಂದುಬಿಟ್ಟೆಯಲ್ಲೋ! ಕಾಫಿ ಇಡಲಾ?" ಎನ್ನುತ್ತೇನೆ.

ಲೋಟದ ಟೂತ್‌ಬ್ರಷ್ ಇನ್ನೂ ಅಲ್ಲಾಡಿಲ್ಲ. ಹುಡುಗನಿಗೆ ವಯಸ್ಸಿದೆ, ಕಾಯುತ್ತೇನೆ.